ಗಲಾಟೆ ಬಂದ ದಿಕ್ಕು

ಕಡಲಂಚಿನ ಗುಡ್ಡದ ಮೇಲೊಂದು ಎತ್ತರದ ರೇಡಿಯೋ ಕಂಬವಿತ್ತು. ಎಂಜಿನ್ ಕೆಟ್ಟು ಕಣ್ಣಿಗೆ ಕಾಣದಷ್ಟು ದೂರ ತೇಲಿಹೋದ ದೋಣಿಯೊಂದನ್ನು ಅದು ಎರಡು ದಿನದಿಂದ ಕೂಗಿ ಕರೆಯುತ್ತಲೇ ಇತ್ತು. ದೋಣಿಯಲ್ಲಿ ಏಳು ಜನ, ಒಳಗೆ ನೀರು ಬೇರೆ ನುಗ್ಗುತ್ತಿತ್ತು.

ಮೂರನೆಯ ದಿನ ಕಂಬದ ಪಕ್ಕದಲ್ಲಿ ದನಿ ಹಿಡಿಯುವ ನಾಲ್ಕು ಗಿಡ್ಡ ತಂತಿಗಳನ್ನು ತಂದು ನೆಟ್ಟರು.

“ಇಷ್ಟೆತ್ತರದ ನನಗೇ ಬರೀ ಗಲಾಟೆ ಕೇಳಿಸುತ್ತಿದೆ. ಮೊಳದುದ್ದದ ನಿಮಗೆ ಇನ್ನೇನು ಕೇಳಿಸೀತು?” ಎಂದಿತು ಕಂಬ.

“ದೂರದ ದನಿ ಆಕಾಶಕ್ಕೆ ಬಡಿದು ಚೂರುಚೂರಾಗಿ ಇಳಿಯುತ್ತದಲ್ಲ ಅಣ್ಣ, ಆ ಚೂರುಗಳನ್ನು ನಾವು ನಾಲ್ವರೂ ಹೆಕ್ಕಿ ಜೋಡಿಸುತ್ತೇವೆ,” ಎಂದಿತು ಮೊದಲ ತಂತಿ. “ಗಲಾಟೆ ಬರುವ ದಿಕ್ಕಿಗೆ ಮಾತ್ರ ಕಿವುಡಾಗಿಬಿಡುತ್ತೇವೆ.”

ತಂತಿಗಳು ತಮ್ಮತಮ್ಮಲ್ಲೇ ಪಿಸುಗುಟ್ಟಿ ಕಿವಿ ಹೊಂದಿಸಿಕೊಂಡವು. ದೋಣಿಯ ದನಿ ಸಿಕ್ಕೇಬಿಟ್ಟಿತು.

ಕಂಬ ಬೆಚ್ಚಿಬಿತ್ತು. “ಹಾಗಾದರೆ ಆ ಹಾಳು ಗಲಾಟೆ ಯಾವ ದಿಕ್ಕಿನಿಂದ ಬರುತ್ತಿತ್ತು?”

ತಂತಿಗಳು ಮುಖ ಮುಖ ನೋಡಿಕೊಂಡವು.

“ನಿಮ್ಮ ದಿಕ್ಕಿನಿಂದ, ಅಣ್ಣ.”

“ನಾನು ಅವರನ್ನೇ ಕರೆಯುತ್ತಿದ್ದೆನಲ್ಲ.”

“ಹೌದು. ಒಂದು ಗಳಿಗೆ ಬಿಡುವು ಕೊಡದೆ.”

ಕಂಬ ತುದಿಯಿಂದ ಬುಡದವರೆಗೆ ತಣ್ಣಗಾಯಿತು. “ಅವರು ಏನನ್ನುತ್ತಿದ್ದಾರೆ?”

“ದೋಣಿಯ ಯಜಮಾನ ಪುರ್ಸು ತಾಂಡೇಲ ಮೊನ್ನೆಯಿಂದ ಹೇಳುತ್ತಿರುವುದು ಒಂದೇ ಮಾತಂತೆ. ಯಾರಾದರೂ ಆ ಕಂಬದ ಬಾಯಿ ಮುಚ್ಚಿಸಿ, ನಾವಿರುವ ಜಾಗ ಹೇಳುತ್ತೇವೆ ಅಂತ.”

ತಪ್ಪಾಯಿತು ಎನ್ನಲು ಕಂಬ ಬಾಯಿ ತೆರೆಯಿತು. ತೆರೆದದ್ದೇ ಗಾಬರಿಯಾಗಿ ಮುಚ್ಚಿಕೊಂಡಿತು.

ಆಗ ಪುರ್ಸು ತಾಂಡೇಲ ಜಾಗ ಹೇಳತೊಡಗಿದ.