ಬಚ್ಚಿಟ್ಟ ಕುಡಿ

ಹಿತ್ತಿಲ ಸೇವಂತಿಗೆಗೆ ಸಾವಂತ್ರಮ್ಮನ ಉಗುರು ಕಂಡರಾಗದು. ಆಷಾಢದಲ್ಲಿ ಕುಡಿ ಚಿಗುರಿದರೆ ಸಾಕು, ಆಕೆ ಚಿವುಟಿ ಹಾಕುತ್ತಿದ್ದಳು.

"ಇದೊಂದನ್ನಾದರೂ ಉಳಿಸಿಕೊಡು, ಅಕ್ಕಾ" ಎಂದು ಅದು ಪಕ್ಕದ ದಾಸವಾಳವನ್ನು ಬೇಡಿತು. ದಾಸವಾಳ ಆ ಕುಡಿಯನ್ನು ತನ್ನ ಎಲೆಗಳ ಮರೆಯಲ್ಲಿ ಬಚ್ಚಿಟ್ಟಿತು.

ಕಾರ್ತಿಕ ಬಂತು. ಚಿವುಟಿದಲ್ಲೆಲ್ಲ ಕವಲೊಡೆದು ಗೊಂಚಲು ಗೊಂಚಲು ಹೂ ಅರಳಿತು. ಬಚ್ಚಿಟ್ಟ ಕುಡಿ ಮಾತ್ರ ಬಡಕಲಾಗಿ ಉದ್ದಕ್ಕೆ ಬೆಳೆದು, ಒಂಟಿ ಹೂವಿನ ಭಾರಕ್ಕೆ ಮುರಿದುಬಿತ್ತು.

"ಮುದ್ದು ಮಾಡಿ ನಾನೇ ಕೆಡಿಸಿದೆ" ಎಂದು ಸೇವಂತಿಗೆ ಅತ್ತಿತು.

"ಬೇರು ಗಟ್ಟಿಯಾಗಿದೆಯಲ್ಲ, ಅಳುವುದೇಕೆ ತಂಗಿ?" ಎಂದಿತು ದಾಸವಾಳ.

ಹೂ ಮುಗಿದ ಮೇಲೆ ಸಾವಂತ್ರಮ್ಮ ಗಿಡವನ್ನು ಬುಡದವರೆಗೂ ಕತ್ತರಿಸಿದಳು. ಮಳೆ ಬಿದ್ದೊಡನೆ ಬುಡದ ಸುತ್ತ ಹೊಸ ಕುಡಿಗಳೆದ್ದವು. ಮತ್ತೆ ಆಷಾಢದಲ್ಲಿ ಆಕೆ ಬಂದು ಬಗ್ಗಿದಾಗ ಸೇವಂತಿಗೆ ಮೆಲ್ಲಗೆ ಹೇಳಿತು:

"ಅಕ್ಕಾ, ನಿನ್ನ ಎಲೆ ಸ್ವಲ್ಪ ಸರಿಸು. ಒಳಗಿರುವ ಕುಡಿಯೂ ಅವಳಿಗೆ ಕಾಣಲಿ."