ತಬಿಥಮ್ಮನವರ ಕಡೆಯ ಪ್ರಶ್ನೆ

ಕರಿಹಳ್ಳದ ನೇಕಾರರ ಓಣಿಯಲ್ಲಿ ಮಿಷನ್ನಿನವರು ಕಟ್ಟಿಸಿಕೊಟ್ಟ ಸಾಲುಮನೆಗಳಿದ್ದವು. ಅವುಗಳಲ್ಲಿ ತೀರ ಚಿಕ್ಕದಾದ ಕೊನೆಯ ಮನೆಯಲ್ಲಿ ಪೂಜ್ಯ ತಬಿಥಮ್ಮನವರು ನಲವತ್ತು ವರ್ಷ ಬಾಳಿದರು. ಒಂದೇ ಕೋಣೆ. ಮೂಲೆಯಲ್ಲಿ ರಾಟೆ, ಗೋಡೆಯಲ್ಲೊಂದು ಗೂಟ, ಗೂಟದ ಮೇಲೆ ಅವರ ಎರಡನೆಯ ಸೀರೆ. ಮೂರನೆಯದು ಇರಲಿಲ್ಲ. ಹಗಲು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಇಳಿಹೊತ್ತಿನಲ್ಲಿ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಅಕ್ಷರ ಕಲಿಸಿ ದೇವರ ವಾಕ್ಯ ಓದಿಸುತ್ತಿದ್ದರು. ಯಾರಾದರೂ ಸತ್ತರೆ ಹೆಣ ತೊಳೆಯಲು ಮೊದಲು ಕರೆ ಹೋಗುತ್ತಿದ್ದುದು ಅವರಿಗೇ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು, ಮೂವರು ಮಕ್ಕಳನ್ನು ಮಣ್ಣಿಗೆ ಕೊಟ್ಟವರು. ನಮ್ಮ ಕ್ರೈಸ್ತ ಸಭೆಯಲ್ಲಿ ಯಾರನ್ನೂ ಸಂತರೆಂದು ಕರೆಯುವ ರೂಢಿಯಿಲ್ಲ. ಆದರೂ ಆ ಓಣಿಯ ಜನ, ಯಾವ ಮತದವರೇ ಆಗಿರಲಿ, ಅವರ ಬಾಗಿಲ ಮುಂದೆ ಹಾದುಹೋಗುವಾಗ ದನಿ ತಗ್ಗಿಸುತ್ತಿದ್ದರು.

ಈ ಪ್ರಸಂಗವನ್ನು ನನಗೆ ಹೇಳಿದವರು ಬೋಧಕರಾಗಿದ್ದ ಗಮಲಿಯೇಲ ಕಾಂಚನರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಹೇಳುವಾಗ ತಮ್ಮ ತಪ್ಪನ್ನು ಅವರು ಎಲ್ಲಿಯೂ ಮರೆಮಾಚಲಿಲ್ಲ. ಬರೆಯುವಾಗ ನಾನೂ ಮರೆಮಾಚುವುದಿಲ್ಲ.

ಕಾಂಚನರು ಕರಾವಳಿಯ ಕಡೆಯವರು. ದೈವಜ್ಞಾನ ಶಾಲೆಯಲ್ಲಿ ಅವರಷ್ಟು ಚುರುಕಾದ ವಿದ್ಯಾರ್ಥಿ ಇನ್ನೊಬ್ಬನಿರಲಿಲ್ಲ. ಅವರ ಗುರುಗಳು ವಾಲ್ಟ್‌ಮಾನ್ ಎಂಬ ಜರ್ಮನ್ ಪಾದ್ರಿಗಳು, ಕಣ್ಣೀರಿಲ್ಲದೆ ಪ್ರಾರ್ಥನೆ ಮಾಡಿದವರಲ್ಲ. ಮತವೆಂದರೆ ಬಾಯಿಪಾಠವಲ್ಲ, ಮನುಷ್ಯನ ಹೃದಯ ಹೊಸದಾಗಿ ಹುಟ್ಟಬೇಕು ಎಂದು ಸಾರುತ್ತಿದ್ದ ಭಕ್ತರ ಪಂಥದಿಂದ ಅವರು ಬಂದಿದ್ದರು. ಶಿಷ್ಯನಿಗೆ ಅಕ್ಕರೆಯಿಂದ ತಮ್ಮ ಭಾಷೆ ಕಲಿಸಿದರು. ಸಾಯುವಾಗ ತಮ್ಮ ಪುಸ್ತಕಗಳ ಪೆಟ್ಟಿಗೆಯನ್ನು ಕಾಂಚನರಿಗೇ ಬಿಟ್ಟುಹೋದರು.

ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೀರ್ತನೆಗಳು, ಪ್ರಸಂಗಗಳು ಇದ್ದವು. ತಳದಲ್ಲಿದ್ದವು ಬೇರೆ ಬಗೆಯ ಪುಸ್ತಕಗಳು. ಗುರುಗಳ ದೇಶದಲ್ಲಿ ನೂರು ವರ್ಷದಿಂದ ಪಂಡಿತರು ಎತ್ತಿದ್ದ ಪ್ರಶ್ನೆಗಳೆಲ್ಲ ಅವುಗಳಲ್ಲಿದ್ದವು. ಬುದ್ಧಿಯೊಂದೇ ದೀಪ, ಬುದ್ಧಿ ಒಪ್ಪದ ಅದ್ಭುತ ನಡೆದೇ ಇಲ್ಲ, ಸೃಷ್ಟಿಯ ನಿಯಮವನ್ನು ದೇವರೂ ಮುರಿಯಲಾರ, ಶಿಲುಬೆಗೇರಿದ ಪ್ರಭು ಎದ್ದುಬಂದನೆಂಬ, ಬರಿದಾದ ಸಮಾಧಿಯ ಸುದ್ದಿ ದುಃಖಿತ ಶಿಷ್ಯರ ಬಾಯಲ್ಲಿ ಬೆಳೆದ ಕತೆ. ಇವುಗಳನ್ನು ಖಂಡಿಸಲೆಂದೇ ವಾಲ್ಟ್‌ಮಾನರು ಇಟ್ಟುಕೊಂಡಿದ್ದರು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೊಂದಕ್ಕೂ ಉತ್ತರ ಬರೆದಿದ್ದರು. ಆದರೆ ಆ ಉತ್ತರಗಳು ಅರ್ಧ ಪುಸ್ತಕಕ್ಕೆ ನಿಂತುಹೋಗಿದ್ದವು. ಮುಂದೆ ಅಂಚೆಲ್ಲ ಖಾಲಿ. ಗುರುಗಳಿಗೆ ಸಮಯ ಸಾಲಲಿಲ್ಲವೋ, ಉತ್ತರವೇ ಸಿಗಲಿಲ್ಲವೋ? ಕೇಳಲು ಗುರುಗಳು ಉಳಿದಿರಲಿಲ್ಲ. ಆ ಖಾಲಿ ಅಂಚು ಶಿಷ್ಯನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಕರಿಹಳ್ಳದ ಸಭೆಗೆ ಬೋಧಕರಾಗಿ ಬಂದ ಮೇಲೆ ಎರಡು ವರ್ಷ ಅವರು ನೀತಿಯ ಮಾತುಗಳನ್ನಷ್ಟೇ ಆಡಿ ಕಾಲ ನೂಕಿದರು. ಕುಡಿಯಬೇಡಿ, ಸುಳ್ಳು ಹೇಳಬೇಡಿ, ಮಕ್ಕಳನ್ನು ಓದಿಸಿ. ಒಬ್ಬರೇ ಇದ್ದಾಗ ಪ್ರಾರ್ಥಿಸುವುದನ್ನು ಬಿಟ್ಟೇಬಿಟ್ಟಿದ್ದರು. ಯಾರೂ ಗುರುತಿಸಲಿಲ್ಲ, ತಬಿಥಮ್ಮನವರು ಗುರುತಿಸಿದ್ದರೋ ಏನೋ, ಅವರು ಏನನ್ನೂ ಕೇಳಲಿಲ್ಲ.

ಆಮೇಲೆ ಪ್ಲೇಗ್ ಬಂತು. ಮೊದಲು ಇಲಿಗಳು ಸತ್ತು ಬಿದ್ದವು, ವಾರದೊಳಗೆ ಮನುಷ್ಯರು. ಊರಿನವರೆಲ್ಲ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡರು. ನೂರಾರು ಮಗ್ಗಗಳು ಒಂದೇ ದಿನ ಸುಮ್ಮನಾದವು. ಸಭೆಯ ಸಮಾಧಿ ಸ್ಥಳದಲ್ಲಿ ಒಂದು ಗುಂಡಿ ಮುಚ್ಚುವಷ್ಟರಲ್ಲಿ ಇನ್ನೊಂದನ್ನು ತೋಡಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಹನ್ನವ್ವ ಎಂಬ ವಿಧವೆಯ ಒಬ್ಬಳೇ ಮಗಳು ಪ್ರಿಸಿಲ್ಲಾಳನ್ನು ಮಣ್ಣಿಗೆ ತಂದರು. ಹತ್ತೊಂಬತ್ತರ ಹುಡುಗಿ. ಮುಂದಿನ ತಿಂಗಳು ಮದುವೆಯಿತ್ತು. ಕಾಂಚನರು ಪುಸ್ತಕ ತೆರೆದು ಕ್ರಮದಂತೆ ಓದುತ್ತ ಬಂದರು. ಸತ್ತವರು ಏಳುವರೆಂಬ ನಿರೀಕ್ಷೆಯ ಮಾತಿಗೆ ಬಂದಾಗ ಅವರ ದನಿ ನಿಂತಿತು. ಕೆಳಗೆ ಚಾಪೆಯಲ್ಲಿ ಸುತ್ತಿದ ದೇಹ, ಎದುರಿಗೆ ತಾಯಿ. ಅವರು ಪುಸ್ತಕ ಮುಚ್ಚಿದರು.

"ಯಾಕ್ರಿ ಅಯ್ಯನವರ, ಮುಂದ ಓದ್ರಿ," ಎಂದಳು ಹನ್ನವ್ವ.

"ನನಗೆ ಗೊತ್ತಿಲ್ಲದ್ದನ್ನು ಹೇಳಲಾರೆ, ಹನ್ನವ್ವ."

"ನಿಮ್ಮ ಕಾಲ ಬೀಳ್ತೇನ್ರಿ. ಅದೊಂದ ಮಾತು ಹೇಳಿಬಿಡ್ರಿ. ಹಂಗ ಮುಚ್ಚಬ್ಯಾಡ್ರಿ ನನ್ನ ಮಗಳ್ನ."

ಅವರು ಹೇಳಲಿಲ್ಲ. ಹೆಣದ ಮುಂದೆ ಸುಳ್ಳಾಡುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಅವರು ನಿಜವಾಗಿಯೂ ನಂಬಿದ್ದರು. ಹಾಗೆಯೇ ಮಣ್ಣು ಎಳೆದರು. ಹನ್ನವ್ವ ಅಳಲೂ ಇಲ್ಲ. ಎದ್ದು, ಅವರ ಮುಖವನ್ನೊಮ್ಮೆ ನೋಡಿ, ಒಬ್ಬಳೇ ಗುಡಿಸಲಿನ ಕಡೆ ನಡೆದುಬಿಟ್ಟಳು. ಆ ನೋಟ ಮೂವತ್ತೈದು ವರ್ಷದ ಮೇಲೂ ತಮ್ಮನ್ನು ಬಿಟ್ಟಿಲ್ಲ ಎಂದರು ಕಾಂಚನರು.

ಅಂದೇ ಅವರು ರಾಜೀನಾಮೆಯ ಕಾಗದ ಬರೆದರು. ದೇವಾಲಯದ ಬೀಗದ ಕೈಯನ್ನು ಸಭೆಯ ಹಿರಿಯರಾದ ತಬಿಥಮ್ಮನವರಿಗೆ ಕೊಟ್ಟು ಊರು ಬಿಡುವುದೆಂದು ಹೊರಟರು. ಹೊಲದ ಅಂಚಿನಲ್ಲಿ, ರೋಗಿಗಳಿಗಾಗಿ ಕಟ್ಟಿದ ಉದ್ದನೆಯ ಗುಡಿಸಲಿನ ಮುಂದೆ ಆ ತಾಯಿ ಮೂರು ಕಲ್ಲಿನ ಒಲೆಗೆ ಊದುತ್ತಿದ್ದರು. ಹೊಗೆಯಿಂದ ಕಣ್ಣು ಕೆಂಪಾಗಿತ್ತು.

ಕಾಂಚನರು ನಿಂತಲ್ಲೇ ಎಲ್ಲವನ್ನೂ ಹೇಳಿದರು. ಪುಸ್ತಕಗಳ ಮಾತು, ಪಂಡಿತರ ವಾದ, ಖಾಲಿ ಅಂಚು, ಪ್ರಿಸಿಲ್ಲಾಳ ಗುಂಡಿ. ಬಹಳ ಹೊತ್ತು ಹೇಳಿದರು. ತಬಿಥಮ್ಮನವರು ಒಲೆಗೆ ಕಟ್ಟಿಗೆ ನೂಕುತ್ತ ಕೇಳಿದರು.

"ನೀವು ಸತ್ಯ ಹೇಳಿ, ಅಮ್ಮ," ಎಂದರು ಕೊನೆಗೆ. "ಸತ್ತವರು ಏಳುವುದನ್ನು ನೀವು ಕಂಡಿದ್ದೀರಾ?"

"ಇಲ್ರಿ. ನನ್ನ ಮೂರೂ ಮಕ್ಕಳು ಅಲ್ಲೇ ಅದಾವು. ಒಂದೂ ಎದ್ದ ಬಂದಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಲೆಯ ಮೇಲಿನ ಗಡಿಗೆಯನ್ನು ಸೆರಗಿನಿಂದ ಹಿಡಿದು ಇಳಿಸಿದರು.

"ಅಯ್ಯನವರ, ಒಳಗ ಒಬ್ಬ ಮುದುಕಪ್ಪ ಮೈಯೆಲ್ಲಾ ಹೊಲಸ ಮಾಡಿಕೊಂಡು ಬಿದ್ದಾನ. ಎತ್ತಾಕ ನನಗ ಒಬ್ಬಾಕಿಗೆ ಆಗವಲ್ದು. ತುಸು ಕೈ ಹಚ್ಚತೀರೇನು?"

ಅಷ್ಟೇ. ಚಾಚಿದ ಬೀಗದ ಕೈಯನ್ನು ಆ ತಾಯಿ ಇಸಿದುಕೊಳ್ಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಕಾಂಚನರು ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ನಾತಕ್ಕೆ ತಲೆ ತಿರುಗಿತು. ಮುದುಕ ಬೇರೆ ಮತದವನು, ಮನೆಯವರು ಬಿಟ್ಟು ಓಡಿಹೋಗಿದ್ದರು. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು. ಇಬ್ಬರೂ ಸೇರಿ ಅವನನ್ನು ಎತ್ತಿ ತೊಳೆದು ಒಣ ಚಾಪೆಯ ಮೇಲೆ ಮಲಗಿಸಿದರು. ಅವನ ಪಕ್ಕದಲ್ಲಿ ಇನ್ನೊಬ್ಬನಿದ್ದ. ಅವನ ಆಚೆ ಮತ್ತೊಬ್ಬ.

ಕಾಂಚನರು ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಐದು ವಾರ ಆ ಗುಡಿಸಲಿನಲ್ಲಿ ದುಡಿದರು. ತಬಿಥಮ್ಮನವರು ರೋಗಿಗಳ ಬಳಿ ಕುಳಿತು ಪ್ರಾರ್ಥಿಸುವಾಗ ಕಾಂಚನರು ಎದ್ದು ನೀರಿಗೆ ಹೋಗುತ್ತಿದ್ದರು. ಕೊಡ ತುಂಬಿ ಬಂದಾಗ ಆ ತಾಯಿ "ಬಂದ್ರಿ? ಕೂಡ್ರಿ, ಗಂಜಿ ಕುಡೀರಿ," ಎನ್ನುತ್ತಿದ್ದರು. ಬದುಕಿದವರು ಕಡಿಮೆ. ಆ ಮುದುಕನೂ ಬದುಕಲಿಲ್ಲ.

ಆರನೆಯ ವಾರದಲ್ಲಿ ತಬಿಥಮ್ಮನವರಿಗೇ ಜ್ವರ ಬಂತು. ಎರಡನೆಯ ದಿನಕ್ಕೆ ಗಂಟು ಕಾಣಿಸಿತು. ಇಂಥ ಪುಣ್ಯವತಿಯ ಕೊನೆಗಾಲ ಬೆಳಕಿನಂತಿರುತ್ತದೆ, ಕೀರ್ತನೆ ಹಾಡುತ್ತ ಕಣ್ಣು ಮುಚ್ಚುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಹಾಗಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ತಟ್ಟಿಯ ಸಂದಿನಿಂದ ಬಿಸಿಲು ಚೂರುಚೂರಾಗಿ ಒಳಗೆ ಬಿದ್ದಿದ್ದಾಗ, ಅವರು ಕಾಂಚನರ ಕೈ ಹಿಡಿದುಕೊಂಡರು.

"ಅಯ್ಯನವರ, ಇಷ್ಟ ವರ್ಷ ದೇವ್ರು ಕರದಾಗೊಮ್ಮೆ ಓ ಅಂತಿದ್ದ. ಈಗ ಎಷ್ಟ ಕರದ್ರೂ ಓ ಅನವಲ್ಲ. ಒಳಗೆಲ್ಲಾ ಕತ್ತಲಿ ಆಗೇತಿ. ನನಗ ಅಂಜಿಕಿ ಬರಾಕತ್ತೇತ್ರಿ."

ಪಂಡಿತರು ಹೇಳಿದ್ದೇ ನಿಜವಾದರೆ ಅಚ್ಚರಿಪಡುವಂಥದ್ದು ಇಲ್ಲೇನೂ ಇರಲಿಲ್ಲ. ಇಲ್ಲದವನು ಓ ಎನ್ನುವುದೆಂತು? ಹಾಗೆಂದು ಕಾಂಚನರು ಮನಸ್ಸಿಗೆ ಹೇಳಿಕೊಳ್ಳಲು ನೋಡಿದರು. ಆದರೆ ಒಳಗಿನಿಂದ ಎದ್ದುಬಂದದ್ದು ಆ ವಾದವಲ್ಲ, ಕೋಪ. ಮೈ ಉರಿಯುವಂಥ ಕೋಪ. ಅವರು ಧಡಕ್ಕನೆ ಎದ್ದು ಗುಡಿಸಲಿನ ಬಾಗಿಲಿಗೆ ಹೋಗಿ ನಿಂತರು. ಎದುರಿಗೆ ಬರಿದಾದ ಹೊಲ, ಅದರಾಚೆ ಹೊಸ ಮಣ್ಣಿನ ದಿಬ್ಬಗಳು.

"ಇದು ಯಾವ ನ್ಯಾಯ?" ಎಂದರು ಗಟ್ಟಿಯಾಗಿ. "ನಾನು ನಿನ್ನನ್ನು ಬಿಟ್ಟೆ, ನನಗೆ ಕತ್ತಲೆ ಕೊಡು, ಒಪ್ಪುತ್ತೇನೆ. ಇವರೇನು ಮಾಡಿದರು? ಮೂರು ಮಕ್ಕಳನ್ನು ಕಿತ್ತುಕೊಂಡೆ, ತುಟಿ ಪಿಟಕ್ಕೆನ್ನಲಿಲ್ಲ. ನಿನ್ನ ಹೆಸರು ಹೇಳಿಕೊಂಡು ಕಂಡವರ ಹೆಣ ತೊಳೆದರು. ಈಗ ಒಂದು ಸಲ, ಒಂದೇ ಒಂದು ಸಲ ಓ ಎನ್ನಲಾರೆಯಾ? ಎಲ್ಲಿ ಹೋಗಿದ್ದೀಯ? ನನಗೆ ಬೇಡ, ಇವರಿಗೆ ಓಗೊಡು!"

ಇನ್ನೂ ಏನೇನೋ ಅಂದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆಗ ಹಿಂದಿನಿಂದ ಕ್ಷೀಣವಾದ ದನಿ ಕೇಳಿತು.

"ಅಯ್ಯನವರ, ಯಾರ ಕೂಡ ಮಾತಾಡಾಕತ್ತೀರಿ?"

ಅವರು ತಿರುಗಿ ನೋಡಿದರು. ಅದು ಚುಚ್ಚುಮಾತಾಗಿರಲಿಲ್ಲ, ಉಪದೇಶವೂ ಆಗಿರಲಿಲ್ಲ. ಜ್ವರದ ಮಬ್ಬಿನಲ್ಲಿ ಆ ತಾಯಿ ನಿಜವಾಗಿಯೇ ಕೇಳಿದ್ದರು. ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ತಿಳಿದು, ಕಾಣದ ಕಣ್ಣನ್ನು ಅತ್ತ ಹೊರಳಿಸಿದ್ದರು.

"ಯಾರರ ಬಂದಾರೇನ್ರಿ?"

ಕಾಂಚನರು ಅಲ್ಲೇ ಮೊಣಕಾಲೂರಿದರು. ಎರಡು ವರ್ಷ ದೇವರನ್ನು ಅವರು 'ಅದು' ಎಂದು, 'ಆ ಕಲ್ಪನೆ' ಎಂದು, 'ಆದಿಕಾರಣ' ಎಂದು ನೆನೆದಿದ್ದರು. ಈಗ ಯಾರೊಡನೆ ಜಗಳವಾಡುತ್ತಿದ್ದರು? ಇಲ್ಲದವನ ಮೇಲೆ ಇಷ್ಟು ಕೋಪ ಬರುವುದುಂಟೆ? ವಾದದಿಂದ ತಲುಪಲಾರದ ಕಡೆಗೆ ಆ ತಾಯಿಯ ನೋವು ಅವರನ್ನು ಕುತ್ತಿಗೆ ಹಿಡಿದು ಎಳೆದುಕೊಂಡು ಹೋಗಿತ್ತು.

"ಹೌದು, ಅಮ್ಮ," ಎಂದರು. "ಬಂದಿದ್ದಾರೆ."

"ಆ ಮಾತನ್ನು ನಾನು ಅವರನ್ನು ಸಮಾಧಾನ ಮಾಡಲೆಂದು ಹೇಳಲಿಲ್ಲ," ಎಂದರು ನನ್ನೊಡನೆ ವೃದ್ಧ ಕಾಂಚನರು. "ಸುಳ್ಳನ್ನೂ ಹೇಳಲಿಲ್ಲ."

ತಬಿಥಮ್ಮನವರು ತಲೆಯನ್ನು ಚಾಪೆಗೆ ಆನಿಸಿದರು. "ಹಂಗಾರ ನೀವು ಮಾತಾಡ್ರಿ. ನಾ ಕೇಳ್ತೇನಿ."

ಕಾಂಚನರು ಅವರ ಬಳಿ ಕೂತು, ಮಧ್ಯಾಹ್ನವೆಲ್ಲ, ಬಾಯಿಗೆ ಬಂದಂತೆ ದೇವರೊಡನೆ ಮಾತಾಡಿದರು. ಅದರಲ್ಲಿ ದೂರು ಹೆಚ್ಚು, ಸ್ತುತಿ ಕಡಿಮೆ. ಆ ತಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊತ್ತಿಳಿಯುವ ಮೊದಲೇ ಉಸಿರು ನಿಂತಿತು. ಅವರ ಒಳಗಿನ ಕತ್ತಲೆ ಹರಿಯಿತೇ ಎಂದು ನಾನು ಕೇಳಿದೆ. "ನನಗೆ ಗೊತ್ತಿಲ್ಲ," ಎಂದರು ಕಾಂಚನರು.

ಗುಂಡಿ ತೋಡುವವರೂ ಹಾಸಿಗೆ ಹಿಡಿದಿದ್ದರು. ಮರುದಿನ ಬೆಳಿಗ್ಗೆ ಕಾಂಚನರೇ ಸನಿಕೆ ಹಿಡಿದು ತೋಡಿದರು, ಆ ತಾಯಿಯ ಮೂವರು ಮಕ್ಕಳ ಪಕ್ಕದಲ್ಲಿ. ಮಣ್ಣು ಮಾಡುವಾಗ ಪುಸ್ತಕ ತೆರೆದು ಕ್ರಮವನ್ನು ಕೊನೆಯವರೆಗೆ ಓದಿದರು. ಒಂದು ಪದವನ್ನೂ ಬಿಡಲಿಲ್ಲ.

ಅಲ್ಲಿಂದ ಕೈಯ ಮಣ್ಣನ್ನೂ ತೊಳೆಯದೆ ಹನ್ನವ್ವನ ಗುಡಿಸಲಿಗೆ ಹೋದರು. ಅವಳು ಅವರನ್ನು ಕಂಡು ಮುಖ ತಿರುಗಿಸಿದಳು. ಕಾಂಚನರು ಹೊಸಿಲಾಚೆ ನೆಲದ ಮೇಲೆ ಕೂತರು.

"ಹನ್ನವ್ವ, ಅಂದು ನಾನು ನಿನ್ನ ಮಗಳನ್ನು ಮಾತಿಲ್ಲದೆ ಮುಚ್ಚಿದೆ. ನನ್ನನ್ನು ಕ್ಷಮಿಸು ಎನ್ನಲು ಬಾಯಿಲ್ಲ. ಒಮ್ಮೆ ನನ್ನ ಜೊತೆ ಬರುತ್ತೀಯಾ?"

ಕೊನೆಗೆ ಅವಳು ಸೆರಗು ಹೊದ್ದು ಎದ್ದಳು. ಇಬ್ಬರೂ ಸಮಾಧಿ ಸ್ಥಳಕ್ಕೆ ನಡೆದರು. ಪ್ರಿಸಿಲ್ಲಾಳ ಮಣ್ಣು ಆಗಲೇ ಕುಸಿದು ತಗ್ಗಾಗಿತ್ತು. ಕಾಂಚನರು ತಲೆಯ ರುಮಾಲು ತೆಗೆದು, ಪುಸ್ತಕ ನೋಡದೆ, ಅಂದು ನುಂಗಿಕೊಂಡಿದ್ದ ಆ ನಿರೀಕ್ಷೆಯ ಮಾತನ್ನು ಮೆಲ್ಲನೆ ಹೇಳಿದರು.

ಹನ್ನವ್ವ ಮಣ್ಣಿನ ಮೇಲೆ ಎರಡೂ ಕೈಯಿಟ್ಟು ಕುಕ್ಕರಿಸಿದಳು.

"ಜೋರಾಗಿ ಹೇಳ್ರಿ, ಅಯ್ಯನವರ," ಎಂದಳು. "ಆಕಿಗೆ ಕೇಳಬೇಕಲ್ರಿ."

ಅವರು ಜೋರಾಗಿ ಹೇಳಿದರು.