ಉಡಿ ತುಂಬಿಸಿಕೊಂಡ ಹೊಳೆ

ಬೆಟ್ಟಗಳು ಆಗತಾನೆ ಎದ್ದು ನಿಂತಿದ್ದವು. ಹೊಳೆಗಳಿಗೆ ತಮ್ಮ ದಾರಿ ಯಾವುದೆಂದು ಇನ್ನೂ ತಿಳಿದಿರಲಿಲ್ಲ. ಗಾಳಿಯೂ ನೀರೂ ಮನುಷ್ಯರೂ ಒಂದೇ ನುಡಿಯನ್ನಾಡುತ್ತಿದ್ದ ಆ ಕಾಲದಲ್ಲಿ, ಮೂಡಣ ಬಯಲಿನಲ್ಲಿ ಬಾಳವ್ವನೆಂಬ ಮುದುಕಿಯೊಬ್ಬಳಿದ್ದಳು.

ಆ ಬಯಲಿನ ಮಣ್ಣು ಕಪ್ಪಗೆ, ಬೆಣ್ಣೆಯಷ್ಟು ನುಣುಪಾಗಿತ್ತು. ಆದರೆ ಅಲ್ಲಿ ಹೊಳೆಯಿರಲಿಲ್ಲ. ಜನ ಎಲೆಯ ಮೇಲಿನ ಇಬ್ಬನಿಯನ್ನು ಕೂಡಿಸಿ ಕುಡಿಯುತ್ತಿದ್ದರು. ಊರಿಗೆಲ್ಲ ಇದ್ದದ್ದು ಒಂದು ಗಂಟು ಜೋಳದ ಬೀಜ. ಬಿತ್ತಲು ನೀರಿಲ್ಲದ್ದರಿಂದ ಅದನ್ನು ಕಾಯುವ ಹೊಣೆಯನ್ನು ಬಾಳವ್ವನಿಗೆ ಒಪ್ಪಿಸಿದ್ದರು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ತಿರುಗುತ್ತಿದ್ದಳು.

ಒಂದು ದಿನ ಗಾಳಿ ಬಂದು ಹೇಳಿತು: “ಬಾಳವ್ವಾ, ಪಡುವಣ ಬೆಟ್ಟದ ನೆತ್ತಿಯ ಮೇಲೆ ಇಬ್ಬರು ನೀರ ಹೆಣ್ಣುಮಕ್ಕಳು ಹುಟ್ಟಿದ್ದಾರೆ. ಹೋಗಿ ಒಬ್ಬಳನ್ನು ಬೇಡಿಕೋ.”

ಬಾಳವ್ವ ಹೊರಟಳು. ಏನೆಂದು ಬೇಡಬೇಕೆಂಬುದನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಬೆಟ್ಟ ಹತ್ತಿದಳು.

ಬೆಟ್ಟದ ಅಂಚಿನಲ್ಲಿ ಕೃಷ್ಣೆ ಮತ್ತು ಸಾವಿತ್ರಿ ಎಂಬ ಆ ಇಬ್ಬರು ಸೋದರಿಯರು ನಿಂತಿದ್ದರು. ಕೆಳಗೆ ಪಡುವಣ ಕಡಲು ಬಿಸಿಲಿಗೆ ಹೊಳೆಯುತ್ತ, “ಬನ್ನಿರೇ ಮಕ್ಕಳೇ, ಬನ್ನಿರೇ” ಎಂದು ಕರೆಯುತ್ತಿತ್ತು.

“ಅಕ್ಕಾ, ಒಂದು ಹಾರು ಹಾರಿದರೆ ಮನೆ! ನೀನು ತಲೆ ಬಾಚಿಕೊಳ್ಳುತ್ತ ಕೂತಿರು, ನಾನು ಹೊರಟೆ” ಎಂದು ನಗುತ್ತ ಸಾವಿತ್ರಿ ಕಮರಿಗೆ ಧುಮುಕಿಯೇ ಬಿಟ್ಟಳು. ಕೃಷ್ಣೆಯೂ ನಿರಿಗೆಯನ್ನು ಎತ್ತಿ ಕಟ್ಟಿದಳು.

“ನಿಲ್ಲು ತಂಗೀ!” ಬಾಳವ್ವ ಏದುಸಿರು ಬಿಡುತ್ತ ಬಂದಳು. “ಎಲ್ಲಿಗೆ ಹೊಂಟಿ?”

“ಕಡಲಿಗೆ, ಅಜ್ಜೀ. ನೋಡು, ಅಲ್ಲೇ ಕಾಣುತ್ತದೆ.”

ಬಾಳವ್ವ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಹೆಣ್ಣುಮಗಳು ಹುಟ್ಟಿದ ಮನೆ ಬಿಟ್ಟು ಹೊರಟಿದ್ದಾಳೆ. ಉಡಿಯಲ್ಲಿ ಒಂದು ಕಾಳೂ ಇಲ್ಲ! ಬೇಡಬೇಕೆಂದಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು.

“ಬರೇ ಉಡೀಲೆ ಹೊಂಟೀಯಲ್ಲ! ನಿನಗ ಹೇಳೋರು ಕೇಳೋರು ಯಾರೂ ಇಲ್ಲೇನು? ಹಿಡೀ ಸೆರಗು” ಎಂದವಳೇ ಗಂಟು ಬಿಚ್ಚಿ, ಬೊಗಸೆ ಬೊಗಸೆಯಾಗಿ ಜೋಳವನ್ನೆಲ್ಲ ಹುಡುಗಿಯ ಉಡಿಗೆ ತುಂಬಿದಳು.

ಗಾಳಿ ಬಿದ್ದು ಬಿದ್ದು ನಕ್ಕಿತು. “ಬೇಡಲು ಬಂದವಳು ಇದ್ದದ್ದನ್ನೂ ಕೊಟ್ಟು ಕೈ ತೊಳೆದುಕೊಂಡೆಯಲ್ಲೇ!”

ಆಗ ಬಾಳವ್ವನಿಗೆ ಎಚ್ಚರವಾಯಿತು. ಅದು ಊರಿನ ಬೀಜ. ಇನ್ನೊಂದು ಗಳಿಗೆಗೆ ಕಡಲಿನ ಪಾಲು. ಆದರೆ ತುಂಬಿದ ಉಡಿಯನ್ನು ತಿರುಗಿ ಕೇಳುವುದುಂಟೇ? ಬಂಡೆಯ ಮೇಲೆ ಕುಳಿತು, ಬರಿದಾದ ಸೆರಗನ್ನು ಬಾಯಿಗೊತ್ತಿಕೊಂಡು, “ಹೋಗಿ ಬಾ ಯವ್ವಾ” ಎಂದಷ್ಟೇ ಅಂದಳು.

ಕೃಷ್ಣೆ ಅಂಚಿಗೆ ಹೋಗಿ ಒಂದು ಕಾಲು ಮುಂದಿಟ್ಟಳು. ಉಡಿಯಿಂದ ಕಾಳೊಂದು ಜಾರಿ ಕಮರಿಗೆ ಬಿತ್ತು. ಅವಳು ಹಿಂದೆ ಸರಿದಳು.

“ಅಜ್ಜೀ, ಹಾರಿದರೆ ಕಾಳು ಚೆಲ್ಲುತ್ತದೆ.”

“ತುಂಬಿದ ಉಡಿ ಚೆಲ್ಲಬಾರದವ್ವಾ. ಮೆಲ್ಲಕ ನಡೀಬೇಕು.”

“ಈ ಕಡೆ ಮೆಲ್ಲಗೆ ನಡೆಯಲು ದಾರಿಯೇ ಇಲ್ಲವಲ್ಲ!” ಕೃಷ್ಣೆ ತಿರುಗಿ ನೋಡಿದಳು. ಮೂಡಣಕ್ಕೆ ನೆಲ ಹಾಸಿದ ಚಾಪೆಯಂತೆ ಸಣ್ಣಗೆ ಇಳಿಯುತ್ತಿತ್ತು. “ಆ ಕಡೆ ಯಾರ ಮನೆ?”

“ನಮ್ಮದೇ ಊರು, ಮಗಳ.”

“ಉಡಿ ತುಂಬಿದವರ ಮನೆಯೆಂದರೆ ತವರಲ್ಲವೇ? ನಡೆ ಅಜ್ಜೀ, ತವರು ನೋಡಿಕೊಂಡೇ ಹೋಗುತ್ತೇನೆ.”

ಕೆಳಗಿನಿಂದ ಕಡಲು ಗೋಗರೆಯಿತು: “ಮಗಳೇ, ಮನೆ ಇಷ್ಟು ಹತ್ತಿರವಿದ್ದೂ ಬೆನ್ನು ತಿರುಗಿಸುವೆಯಾ?”

“ಮುನಿಯಬೇಡ” ಎಂದಳು ಕೃಷ್ಣೆ. “ಕಾಳು ಚೆಲ್ಲಿ ಬಂದರೆ ನೀನಾದರೂ ನನ್ನನ್ನು ಮೆಚ್ಚುವೆಯಾ?”

ಕಡಲು ನಕ್ಕಿತು. “ಆಗಲಿ. ನಿನಗೆ ಬರಲಾಗದಿದ್ದರೆ ನಾನೇ ಬೆಟ್ಟ ಹತ್ತಿ ಬಂದು ನಿನ್ನನ್ನು ನೋಡಿಕೊಂಡು ಹೋಗುತ್ತೇನೆ.”

ಕೃಷ್ಣೆ ಮುದುಕಿಯ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಂಡು ಮೂಡಣ ಬಯಲಿಗೆ ಇಳಿದಳು. ಬಾಳವ್ವನ ಊರ ಮುಂದೆ ನಿಂತು, ನೆನೆದು ಉಬ್ಬಿದ ಕಾಳನ್ನು ಕಪ್ಪು ಮಣ್ಣಿಗೆ ಇಳಿಸಿದಳು. ಜೋಳ ಮೊಳೆಯಿತು, ತೆನೆ ತುಂಬಿತು, ಊರಿಗೆ ಊರೇ ದಡಕ್ಕೆ ಬಂದು ಕುಣಿಯಿತು. ಆದರೆ ಬಂದ ಮಗಳನ್ನು ಬರಿಯ ಉಡಿಯಲ್ಲಿ ಕಳಿಸುವವರು ಯಾರು? ಅಲ್ಲಿಯ ಹೆಂಗಸರು ಮತ್ತೆ ತುಂಬಿದರು. ಮುಂದಿನ ಊರಿನವರೂ ತುಂಬಿದರು, ಅದರ ಮುಂದಿನವರೂ ತುಂಬಿದರು. ಹೀಗೆ ಎಲ್ಲಿಯೂ ಹಾರಲಾಗದೆ, ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದು ನಡೆದು, ನಾಡನ್ನೆಲ್ಲ ದಾಟಿ ಅವಳು ಮೂಡಣ ಕಡಲನ್ನು ಸೇರಿದಳು.

ಆದುದರಿಂದಲೇ, ಮಕ್ಕಳೇ, ಪಡುವಣ ಕಡಲಿನ ಮಗ್ಗುಲಲ್ಲೇ ಹುಟ್ಟಿದ ಕೃಷ್ಣೆ ಇಂದಿಗೂ ದೂರದ ಮೂಡಣ ಕಡಲಿಗೆ ಮೆಲ್ಲನೆ ನಡೆಯುತ್ತಾಳೆ. ಮುಂಗಾರಿನಲ್ಲಿ ಪಡುವಣದಿಂದ ಕರಿಮೋಡಗಳು ಬೆಟ್ಟ ಹತ್ತಿ ಬರುವುದನ್ನು ನೀವು ಕಂಡಾಗ, ಅದು ಕೊಟ್ಟ ಮಾತಿನಂತೆ ಮಗಳನ್ನು ನೋಡಲು ಹೊರಟ ಕಡಲೆಂದು ತಿಳಿಯಿರಿ.